ತೌಡಿನೊಳಗೆ ಹೋದ ತೆಂಗಿನಕಾಯಿ

ಅವರ ಬಲ ಅಂಗೈಯ ಬುಡದಲ್ಲಿ ಹುಣಸೆಬೀಜದಷ್ಟು ದಪ್ಪನೆಯ ಜಡ್ಡು ಇತ್ತು. ಕ್ಯಾತ್ಸಂದ್ರದ ಆಚೆಗಿರುವ ನಮ್ಮ ಪಶು ಆಹಾರದ ಕಾರ್ಖಾನೆಯಲ್ಲಿ, ಯಂತ್ರಕ್ಕೆ ತೌಡು ಸುರಿಯುವ ದೊಡ್ಡ ಕಬ್ಬಿಣದ ಹಾಪರನ್ನು ತಟ್ಟಿ ತಟ್ಟಿ ಬಂದ ಜಡ್ಡು ಅದು. ತಟ್ಟಿ, ಕಿವಿಗೊಟ್ಟು, ಒಳಗೆ ಎಲ್ಲಿಯವರೆಗೆ ಮಾಲು ಇದೆ ಎಂದು ಹೇಳುತ್ತಿದ್ದರು. ಮೊದಲು ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿದ್ದವರು. ಕಾಯಿ ಅಲ್ಲಾಡಿಸಿಯೇ ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಿ ಅಭ್ಯಾಸ. ನಾವೆಲ್ಲ ಅವರನ್ನು ಹಾಪರ್ ಅಣ್ಣ ಎನ್ನುತ್ತಿದ್ದೆವು.

ತೌಡು ಇಳಿಯದೆ ನಿಂತರೆ ಅವರು ಮೊದಲು ಮೋಟರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿಕೊಳ್ಳುವರು. ಆಮೇಲೆ ಅಟ್ಟಣೆ ಹತ್ತಿ, ಹೊರಗೆ ನಿಂತೇ ಉದ್ದನೆಯ ಬಿದಿರಿನಿಂದ ತಿವಿಯುವರು.

"ಫ್ಯೂಸ್ ನನ್ ಜೋಬಲ್ಲಿದ್ರೆ ಯಾವನ್ ಬಂದ್ರೂ ಮೋಟ್ರು ಹಾಕಕಾಗಲ್ಲ ಸಾ."

ಹೊಸ ಸೂಪರ್‌ವೈಸರ್ ನಾನು. ಅಷ್ಟು ಹೊತ್ತೂ ಗಡಿಯಾರ ನೋಡುತ್ತ ಒಳಗೊಳಗೇ ಕುದಿಯುತ್ತಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ ತೌಡು ತಂಡಿ ಹಿಡಿದು ನಿಂತಿತು. ಹೊರಗೆ ಕುಣಿಗಲ್‌ಗೆ ಹೋಗಬೇಕಾದ ಲಾರಿ ಕಾಯುತ್ತಿತ್ತು. ಅವರು ಫ್ಯೂಸ್ ಕೀಳಲು ಹೋದರು, ನಾನು ಏಣಿ ಹತ್ತಿದೆ. ಇಣುಕಿದರೆ ತೌಡು ಕಣದ ಹಾಗೆ ಸಮತಟ್ಟಾಗಿತ್ತು. ಇಳಿದು ನಾಲ್ಕು ಸಲ ತುಳಿದರೆ ಮುಗಿಯಿತು ಅಂದುಕೊಂಡು ಒಂದು ಕಾಲನ್ನು ಒಳಕ್ಕೆ ಇಳಿಬಿಟ್ಟೆ.

"ಏನ್ಲಾ, ತೆಗಿ ಕಾಲ್ನ."

ದಿನಾ ಸಾ ಎನ್ನುತ್ತಿದ್ದವರ ಗಂಟಲು ಅದು. ಬೆಚ್ಚಿ ಕಾಲು ತೆಗೆದೆ. ಏದುಸಿರು ಬಿಡುತ್ತ ಹತ್ತಿ ಬಂದ ಅವರ ಕೈಯಲ್ಲಿ ಶುಕ್ರವಾರದ ಪೂಜೆಗೆಂದು ಇಟ್ಟಿದ್ದ ತೆಂಗಿನಕಾಯಿ. ಅದನ್ನು ತೌಡಿನ ನಡುವಿಗೆ ಬೀಸಿ ಎಸೆದರು. ಕಣದಂತಿದ್ದ ತೌಡು ಅಷ್ಟೂ ಕುಸಿಯಿತು. ಕೆಳಗೆಲ್ಲ ಟೊಳ್ಳು. ಕಾಯಿ ಮತ್ತೆ ಕಾಣಲಿಲ್ಲ.

ಅಲ್ಲೇ ಕುಕ್ಕರಿಸಿದೆ. ಅವರು ಟವೆಲಿನಿಂದ ನನ್ನ ಪ್ಯಾಂಟಿಗೆ ಅಂಟಿದ್ದ ತೌಡು ಒರೆಸಿದರು.

"ತಟ್ಟಿದ್ರೆ ಗೊತ್ತಾಯ್ತದೆ ಸಾ. ನೋಡಿದ್ರೆ ಗೊತ್ತಾಗಕಿಲ್ಲ."

ಸಂಜೆ, ಹಾಪರಿನ ಕೆಳಬಾಗಿಲಲ್ಲಿ ಸಿಕ್ಕ ಅದೇ ಕಾಯಿಯನ್ನು ನನ್ನ ಊಟದ ಬ್ಯಾಗಿಗೆ ತುರುಕಿದರು. "ಅಮ್ಮಂಗೆ ಕೊಡಿ. ಏನಾಯ್ತು ಅಂತ ಮಾತ್ರ ಹೇಳ್ಬೇಡಿ." ಅಮ್ಮ ಚಟ್ನಿ ಅರೆದು, ಕಾಯಿ ಒಳ್ಳೇದಿತ್ತು ಕಣೋ ಎಂದಳು. ಬದುಕಿದೆನಲ್ಲ ಎಂದು ತಟ್ಟೆಯ ಮುಂದೆಯೇ ಕಣ್ಣು ತುಂಬಿ ಬಂತು. ಖಾರ ಎಂದೆ.

ಹೋದ ವರ್ಷ ಅವರು ಕೆಲಸ ಬಿಟ್ಟು ಊರಾದ ಹಾಗಲವಾಡಿಗೆ ಹೋದರು. ಅವರಿದ್ದಷ್ಟು ದಿನ ಹಾಪರಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಹೊರಡುವಾಗ ಜಡ್ಡುಗಟ್ಟಿದ ಆ ಕೈಯಲ್ಲಿ ನನ್ನ ಕೈ ಹಿಡಿದುಕೊಂಡು, "ಅವತ್ತು ಏನ್ಲಾ ಅಂದ್ಬುಟ್ಟೆ. ಮನಸಲ್ಲಿ ಇಟ್ಕಬೇಡಿ ಸಾ" ಎಂದರು.

ಈಗ ತೌಡು ನಿಂತಾಗಲೆಲ್ಲ ನಾನೇ ಫ್ಯೂಸ್ ಕಿತ್ತು, ಜೇಬಿಗೆ ಹಾಕಿ, ಗುಂಡಿ ಹಾಕಿಕೊಳ್ಳುತ್ತೇನೆ. ಅವರ ಮಾತುಗಳಲ್ಲಿ ಆ ಕೊನೆಯದೊಂದನ್ನು ಮಾತ್ರ ನಾನು ಕೇಳಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡೇ ಇದ್ದೇನೆ.