ಹನ್ನೆರಡನೇ ಗೇಟು

ಕುದುರೆಯ ಜೀನಿನ ಕೆಳಗಿನ ಬಟ್ಟೆಯ ಮೇಲಿರುವ ನಂಬರೇ ಬೇರೆ, ಅದು ಓಟಕ್ಕೆ ನಿಲ್ಲುವ ಗೇಟಿನ ನಂಬರೇ ಬೇರೆ. ಇದನ್ನು ನಮ್ಮಪ್ಪ ಇವತ್ತಿಗೂ ಒಪ್ಪಿಲ್ಲ. ಅತಿ ಹೆಚ್ಚು ತೂಕ ಹೊರುವ ಕುದುರೆಗೆ ಬಟ್ಟೆಯ ಮೇಲೆ ಒಂದನೇ ನಂಬರು. ಗೇಟು ಮಾತ್ರ ಡ್ರಾ ಎತ್ತಿ ಕೊಡುವುದು. ಆ ದಿನ ನಾನು ಓಡಿಸಬೇಕಿದ್ದ ಹೆಣ್ಣು ಕುದುರೆಯ ಬಟ್ಟೆಯ ಮೇಲೆ ಒಂದು ಇತ್ತು, ಡ್ರಾದಲ್ಲಿ ಬಂದದ್ದು ಹನ್ನೆರಡು. ಕಟ್ಟಕಡೆಯ, ಎಲ್ಲರಿಗಿಂತ ಹೊರಗಿನ ಜಾಗ, ತಿರುವಿನಲ್ಲಿ ಎಲ್ಲರಿಗಿಂತ ಹೆಚ್ಚು ದೂರ ಸುತ್ತಬೇಕು. ಹೆಮ್ಮಿಗೆಯಿಂದ ಟೆಂಪೋ ಮಾಡಿಕೊಂಡು ಮೈಸೂರಿಗೆ ಬಂದಿದ್ದ ನಮ್ಮೂರವರಿಗೆಲ್ಲ ಅಪ್ಪ, "ನಮ್ಮುಡ್ಗಂದೇ ಮೊದ್ಲನೇ ಜಾಗ ಕಣ್ರೋ" ಎಂದು ಸಾರಿಬಿಟ್ಟಿದ್ದ.

ನಾನಾಗ ಇನ್ನೂ ಕಲಿಯುತ್ತಿದ್ದ ಜಾಕಿ. ಕಲಿಯುವವರು ಹತ್ತಿದರೆ ಕುದುರೆ ಹೊರುವ ತೂಕದಲ್ಲಿ ರಿಯಾಯಿತಿ ಉಂಟು, ಅದಕ್ಕೆಂದೇ ಟ್ರೈನರ್ ನನ್ನನ್ನು ಹತ್ತಿಸಿದ್ದ. ಚೆನ್ನಾಗಿ ಓಡಿಸಿದರೆ ಆ ಕುದುರೆ ಮುಂದೆಯೂ ನನ್ನ ಕೈಯಲ್ಲೇ ಉಳಿಯುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

"ಸಾ, ಹೊರಗಿನ ಗೇಟು. ಹಿಂದೆ ಬಿಟ್ಕೊಂಡು ಒಳಗೆ ಬೇಲಿ ಹಿಡಿದು, ಕೊನೇಲಿ ಬಿಡ್ತೀನಿ" ಎಂದೆ.

"ನಂಗೇ ಬುದ್ಧಿ ಏಳ್ತೀಯೇನ್ಲಾ? ಗೇಟು ತೆಗೀತಿದ್ದಂಗೇ ಮುಂದಕ್ ಒಡಿ" ಎಂದ ಟ್ರೈನರ್.

ಹೊಡೆದೆ. ಒಳಗಿನವರು ಬೇಲಿ ಪಕ್ಕದ ಜಾಗ ಬಿಟ್ಟುಕೊಡಲಿಲ್ಲ, ಯಾಕೆ ಕೊಡುತ್ತಾರೆ? ಇಡೀ ತಿರುವನ್ನು ನಾಲ್ಕು ಕುದುರೆ ಆಚೆಯಿಂದ ಸುತ್ತಿದ್ದಾಯಿತು. ತಿರುವು ದಾಟಿ ನೇರ ಹಾದಿಗೆ ಬರುವಷ್ಟರಲ್ಲಿ ಅವಳಲ್ಲಿ ಉಸಿರೇ ಉಳಿದಿರಲಿಲ್ಲ. ಒಂಬತ್ತನೆಯವಳಾಗಿ ಬಂದಳು.

ನಾನು ಇಳಿಯುತ್ತಿದ್ದಂತೆ ಟ್ರೈನರ್ ಕುದುರೆಯ ಮಾಲೀಕರಿಗೆ, "ಹುಡ್ಗ ಅವಸರಬಿದ್ದು ಕೆಡಿಸ್ಬಿಟ್ಟ ಸಾರ್" ಎಂದ. ಮೈ ಉರಿದುಹೋಯಿತು. ಜೀನು ಬಿಚ್ಚಿಕೊಂಡು ತೂಕಕ್ಕೆ ಹೋದೆ. ಊರಿಗೆ ಹೋದರೆ ಅಪ್ಪ ಊಟಕ್ಕೆ ಕೂತಲ್ಲೇ ಶುರು ಮಾಡಿದ: "ಮೊದ್ಲನೇ ಜಾಗ ಕೊಟ್ರೂ ಒಂಬತ್ನೇದಾಗ್ ಬಂದಲ್ಲಾ, ಅಳ್ಳೀಲಿ ಮಕ ಎತ್ಕೊಂಡು ಓಡಾಡಂಗಿಲ್ಲ." ನಂಬರಿನ ವಿಷಯ ಬಿಡಿಸಿ ಹೇಳಿದೆ. "ನೆಪ ಏಳ್ಬ್ಯಾಡ" ಎಂದ. ಊಟ ಬಿಟ್ಟು ಎದ್ದೆ.

ಮುಂದಿನ ಓಟಕ್ಕೆ ಅವಳನ್ನು ಒಬ್ಬ ಹಿರಿಯ ಜಾಕಿಗೆ ಕೊಟ್ಟರು. ಡ್ರಾದಲ್ಲಿ ಎರಡನೇ ಗೇಟು ಬಂತು. ಓಟದ ಹಿಂದಿನ ದಿನ ಬೆಳಿಗ್ಗೆ ಅವನು ನನ್ನ ಹತ್ತಿರ ಬಂದು, "ಎಂಗ್ಲಾ ಇವ್ಳು?" ಎಂದು ಕೇಳಿದ. ಹೇಳಬಾರದಿತ್ತು, ಹೇಳಿದೆ. "ಮೊದ್ಲೇ ಓಡಿಸ್ಬೇಡಿ ಅಣ್ಣಾ, ಮೂರು ಕುದ್ರೆ ಹಿಂದೆ ಇಟ್ಕೊಳಿ. ತಿರುವು ದಾಟಿದ್ಮೇಲೆ ಚಾಟಿ ಬೇಡ, ಕೈ ಸಡ್ಲ ಮಾಡಿದ್ರೆ ಸಾಕು." ಅವನು ಒಂದೂ ಬಿಡದೆ ಹಾಗೇ ಮಾಡಿದ. ಕೈ ಸಡಿಲಿಸಿದ ಗಳಿಗೆಯನ್ನು ನನಗಿಂತ ಚೆನ್ನಾಗಿ ಆರಿಸಿಕೊಂಡ, ಅದನ್ನು ಒಪ್ಪುತ್ತೇನೆ. ಅವಳು ಗೆದ್ದಳು.

ಟ್ರೈನರ್ ನನ್ನ ಹೆಗಲ ಮೇಲೆ ಕೈ ಹಾಕಿ, "ನೋಡ್ಕೊಂಡ್ಯೇನ್ಲಾ? ಕುದ್ರೆ ಓಡ್ಸೋದು ಅಂದ್ರೆ ಇದು" ಎಂದ. ಹಿರಿಯ ಜಾಕಿಗೂ ಅದು ಕೇಳಿಸಿತು. ನನ್ನ ಕಡೆ ನೋಡದೆ, ಜೀನು ಹೊತ್ತುಕೊಂಡು ತೂಕದ ಕೋಣೆಗೆ ನಡೆದ.

"ಹೂಂ ಸಾ" ಎಂದೆ ನಾನು. ಆ ಹೂಂ ನೆನಪಾದಾಗಲೆಲ್ಲ ನನ್ನ ಬಾಯಿಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.