ಗುಂಡಿಯ ಮಂಡಿಚಿಪ್ಪು

ಪೇಟೆಯ ಹರಿದ ಸೋಫಾಗಳಿಗೆಲ್ಲ ಹೊಸ ಮೈ ಕೊಡುವ ಸೋಫಾ ಮೇಸ್ತ್ರಿಯ ಸ್ವಂತ ಸೋಫಾದಲ್ಲಿ ಮಾತ್ರ ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು. ಅದರ ಮೇಲೆ ಹಕ್ಕಿದ್ದದ್ದು ಅವನ ಅತ್ತೆಗೆ ಮತ್ತು ಗುಂಡಿ ಎಂಬ ಮೊಲದಷ್ಟೇ ಇದ್ದ ಪುಟ್ಟ ನಾಯಿಗೆ. ಮೇಸ್ತ್ರಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದ.

ಒಂದು ಬೆಳಗ್ಗೆ ಸೋಫಾದಿಂದ ಜಿಗಿದ ಗುಂಡಿ, ಹಿಂಗಾಲೊಂದನ್ನು ಎತ್ತಿಕೊಂಡು ಕುಂಟಾಬಿಲ್ಲೆ ಆಡುವವರ ಹಾಗೆ ಕುಪ್ಪಳಿಸಿದಳು. ಆಮೇಲೆ ಕಾಲು ಕೊಡವಿ, ಏನೂ ಆಗಿಲ್ಲವೆಂಬಂತೆ ಓಡಿದಳು.

"ನಾಟಕ," ಎಂದ ಮೇಸ್ತ್ರಿ.

"ಎಲ್ಲರೂ ನಿಮ್ಮ ಹಾಗೇನಾ?" ಎಂದರು ಅತ್ತೆ.

ನಾಯಿ ಡಾಕ್ಟರಮ್ಮ ಕಾಲನ್ನು ಮಡಚಿ, ಬಿಡಿಸಿ ನೋಡಿದರು. "ಮಂಡಿಚಿಪ್ಪು ಪಕ್ಕಕ್ಕೆ ಜಾರಿ ಮತ್ತೆ ಜಾಗಕ್ಕೆ ಬರ್ತಿದೆ. ಪುಟ್ಟ ನಾಯಿಗಳಿಗೆ ಇದು ಇದ್ದದ್ದೇ. ಸದ್ಯಕ್ಕೆ ಆಪರೇಷನ್ ಬೇಡ. ತೂಕ ಇಳಿಸಿ, ಎತ್ತರದಿಂದ ಹಾರೋಕೆ ಬಿಡಬೇಡಿ, ನುಣುಪು ನೆಲದಲ್ಲಿ ಓಡಿಸ್ಬೇಡಿ. ದಿನಾ ನಿಧಾನವಾಗಿ ನಡೆಸಿ, ತೊಡೆಗೆ ಬಲ ಬರಲಿ."

"ಅದರ ಮೂಳೆನೇ ದಪ್ಪ," ಎಂದು ಅತ್ತೆ ಆಕ್ಷೇಪಿಸಿದರು.

ಮೇಸ್ತ್ರಿ ಅಂಗಡಿಯ ಚೂರುಪಾರು ಬಟ್ಟೆಯನ್ನೆಲ್ಲ ತಂದು ನೆಲಕ್ಕೆ ಹಾಸಿದ. ಹೆಂಡತಿ ಗುಂಡಿಯ ಊಟವನ್ನು ಅಳತೆ ಲೋಟಕ್ಕೆ ಇಳಿಸಿದಳು. "ನಾನಂತೂ ಅದರ ತಟ್ಟೆ ಕಡೆ ತಿರುಗಿಯೂ ನೋಡಲ್ಲ," ಎಂದು ಅತ್ತೆ ಆಣೆ ಹಾಕಿದರು. ಮುಂದಿನ ಸಲ ತಕ್ಕಡಿಯಲ್ಲಿ ಗುಂಡಿ ಇನ್ನಷ್ಟು ತೂಗಿದಳು. ಗಂಡ ಹೆಂಡತಿಯನ್ನು ಗುಮಾನಿಯಿಂದ ನೋಡಿದ, ಹೆಂಡತಿ ಗಂಡನನ್ನು. ಅತ್ತೆಯತ್ತ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಹಾರುವುದನ್ನಾದರೂ ತಪ್ಪಿಸೋಣವೆಂದು ಮೇಸ್ತ್ರಿ ಗರಗಸ ತಂದು ಸೋಫಾದ ಕಾಲುಗಳನ್ನೇ ಕೊಯ್ದುಬಿಟ್ಟ. ಗುಂಡಿ ಮೆತ್ತಗೆ ಹತ್ತಿ ಮೆತ್ತಗೆ ಇಳಿದಳು. ಮೇಸ್ತ್ರಿ ಎದೆಯುಬ್ಬಿಸಿದ. ಆಮೇಲೆ ಅತ್ತೆ ಕೂತರು. ಕೂತದ್ದೇನೋ ಸರಿ, ಏಳಲು ಆಗಲಿಲ್ಲ. ಮಗಳು ಒಂದು ಕೈ, ಅಳಿಯ ಇನ್ನೊಂದು ಕೈ ಹಿಡಿದು, ಕೆಸರಿಗೆ ಸಿಕ್ಕ ಗಾಡಿಯಂತೆ ಎಳೆದರು. ಅತ್ತೆ ಎದ್ದರು, ಜೊತೆಗೆ ಜರುಗಿದ ದಿಂಬಿನಡಿಯಿಂದ ಬಿಸ್ಕತ್ತಿನ ಪೊಟ್ಟಣವೂ ಉರುಳಿತು. ಗುಂಡಿ ಬಾಲ ಅಲ್ಲಾಡಿಸಿದಳು.

"ಹಸಿದು ನನ್ನ ಮುಖ ನೋಡುತ್ತೆ, ನಾನೇನು ಕಲ್ಲಾ?" ಎಂದರು ಅತ್ತೆ. "ಈ ಮನೇಲಿ ನಾಯಿ ಮಂಡಿಗಿರೋ ಬೆಲೆ ನನ್ನ ಮಂಡಿಗಿಲ್ಲ!" ಚೀಲ ಹಿಡಿದು ಕಿರಿಮಗಳ ಮನೆಗೆ ಹೊರಟೇಬಿಟ್ಟರು.

ಅತ್ತೆ ಇಲ್ಲದ ಮನೆಯಲ್ಲಿ ಗುಂಡಿಗೆ ಸೊಂಟ ಮೂಡಿತು, ಕುಪ್ಪಳಿಸುವುದು ಅಪರೂಪವಾಯಿತು. ಮೇಸ್ತ್ರಿಗೆ ಮಾತ್ರ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಾಯಿಗೆ ಹಾಸಿದ ಬಟ್ಟೆಯಲ್ಲಿ ಒಂದು ತುಂಡನ್ನೂ ಅವನು ಅತ್ತೆಗೆಂದು ಹೊಲಿದವನಲ್ಲ. ಗಿರಾಕಿಗಳನ್ನು ಕಾಯಿಸಿ, ಎತ್ತರದ, ಗಟ್ಟಿ ಕೈಗಳಿರುವ ಕುರ್ಚಿಯೊಂದನ್ನು ಮಾಡಿ, ನಾದಿನಿಯ ಮನೆಗೆ ಹೊತ್ತುಕೊಂಡು ಹೋದ.

ಅತ್ತೆ ಕೂತರು. ಯಾರ ಕೈಯನ್ನೂ ಹಿಡಿಯದೆ ಎದ್ದರು. ನಂಬಿಕೆ ಬಾರದೆ ಇನ್ನೊಮ್ಮೆ ಕೂತು ಎದ್ದರು.

"ಕುರ್ಚಿ ಕೈ ಸ್ವಲ್ಪ ಅಗಲ ಇರಬೇಕಿತ್ತು," ಎಂದು ಹೇಳಿ, ಚೀಲ ತರಲು ಒಳಗೆ ಹೋದರು.

ಅಂದು ಸಂಜೆ ಮೇಸ್ತ್ರಿಯ ಮನೆಯಲ್ಲಿ ಗುಂಡಿ ಆ ಕುರ್ಚಿಯ ಕೆಳಗೆ ಕೂತು ಬಾಯಿ ತೆರೆದಳು. ಅತ್ತೆ ಅತ್ತಿತ್ತ ನೋಡಿ, ಮಗಳು ಕೊಟ್ಟಿದ್ದ ಸೌತೆಕಾಯಿ ಹೋಳನ್ನು ಒಲ್ಲದ ಮನಸ್ಸಿನಿಂದ ಕೆಳಗೆ ಚಾಚಿದರು.

"ತಿನ್ನಮ್ಮ," ಎಂದರು. "ನಮ್ಮ ಹಣೆಬರಹ."