ಒಂದೇ ಡಿಸ್ಕು, ಎರಡು ಸಂಸಾರ

ಮೊನ್ನೆ ಅಟ್ಟ ಗುಡಿಸುವಾಗ ಹಳೇ ಡಬ್ಬಿಯಲ್ಲಿ ಒಂದು ಫ್ಲಾಪಿ ಸಿಕ್ಕಿತು. ಮೇಲೆ ನನ್ನದೇ ಕಾಗೆಕಾಲು ಗುಬ್ಬಿಕಾಲಿನಂಥ ಅಕ್ಷರದಲ್ಲಿ 'ಲಿನಕ್ಸ್ ಬೂಟ್' ಎಂದಿತ್ತು. ಎಸೆಯಲು ಕೈ ಎತ್ತಿದವನು ಹಾಗೇ ನಿಂತುಬಿಟ್ಟೆ. ಥೂ, ಇಷ್ಟು ವರ್ಷವಾದ ಮೇಲೂ ಎದೆ ಹೊಡೆದುಕೊಳ್ಳಬೇಕೇ? ನಾಗಸಂದ್ರದ ಮನೆ ಓನರ್ ಅಕ್ಕ ನೆನಪಾದರು…

ತೊಂಬತ್ತರ ದಶಕದ ಕೊನೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದೆ. ಅಕ್ಕನ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದೆ. ಕೆಳಗೆ ಅಕ್ಕ, ಅವರ ಗಂಡ, ಮೈದುನ, ವಾರಗಿತ್ತಿ. ಎಲ್ಲರದೂ ಒಂದೇ ಒಲೆ. ವಾರಗಿತ್ತಿ ಮದುವೆಯಾಗಿ ಬಂದಾಗ ಇನ್ನೂ ಏನೂ ತಿಳಿಯದ ಹುಡುಗಿಯಂತೆ. ತಲೆ ಬಾಚಿ, ಮುದ್ದೆ ಕಟ್ಟುವುದನ್ನು ಕಲಿಸಿದವರು ಅಕ್ಕನೇ. ಇಬ್ಬರೂ ಬೈದಾಡಿಕೊಳ್ಳುತ್ತಲೇ ಒಟ್ಟಿಗೆ ಉಣ್ಣುತ್ತಿದ್ದರು. ಸುತ್ತಲ ಹೊಲಗಳೆಲ್ಲ ಕಾರ್ಖಾನೆ ಶೆಡ್ಡುಗಳಾಗಿ ಜಮೀನಿಗೆ ಬೆಲೆ ಬರುತ್ತಿದ್ದ ಕಾಲ, ಮೈದುನ ಭಾಗ ಬೇಕೆಂದು ಹಠ ಹಿಡಿದಿದ್ದ. ಜಮೀನು ಹೋದರೆ ಹೋಗಲಿ, ಮನೆ ನಡುವೆ ಗೋಡೆ ಎದ್ದು ಆ ಹುಡುಗಿ ದೂರವಾದರೆ ಏನು ಗತಿ ಎಂಬುದೊಂದೇ ಅಕ್ಕನ ದಿಗಿಲು.

ನನಗೋ, ಸುಮ್ಮನಿದ್ದು ಅಭ್ಯಾಸವಿಲ್ಲ. ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ ಚೆನ್ನಾಗಿಯೇ ಓಡುತ್ತಿತ್ತು. ಆದರೂ ಅದರಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬುದೂ ಬೇಕು ಎಂಬ ಚಡಪಡಿಕೆ. ಒಂದು ಭಾನುವಾರ ಗೆಳೆಯ ಸಿ.ಡಿ. ತಂದ. ಹಳೆಯದನ್ನು ಅಳಿಸದೆ, ಡಿಸ್ಕನ್ನು ಎರಡು ಭಾಗ ಮಾಡಿ ಅದರ ಪಕ್ಕದಲ್ಲೇ ಹೊಸದನ್ನು ಕೂರಿಸಬೇಕಿತ್ತು.

"ಪಾರ್ಟಿಷನ್ ಮಾಡ್ದೆ ಆಗಲ್ಲ ಮಗಾ, ಇವತ್ತೇ ಮುಗಿಸ್ಬಿಡೋಣ!" ಎಂದು ಅವನು ಕೂಗಿದ್ದು ಕೆಳಗೆ ಕೇಳಿಸಿತು.

ಅಷ್ಟೇ! ಅಕ್ಕ ಮುದ್ದೆ ಕೋಲು ಹಿಡಿದೇ ಮೆಟ್ಟಿಲು ಹತ್ತಿದರು. ಆ ಮನೆಯಲ್ಲಿ ಪಾರ್ಟಿಷನ್ ಎಂದರೆ ಆಸ್ತಿ ಪಾಲು, ಬೇರೆ ಅರ್ಥವೇ ಇರಲಿಲ್ಲ.

"ನಮ್ ಮೈದ್ನ ನಿಮ್ಗೂ ಕಿವಿ ಊದವ್ನಾ? ನಮ್ಮನೆ ಪಾಲ್ ಮಾಡಕ್ಕೆ ನೀವ್ಯಾರ್ರೋ?"

ಗೆಳೆಯ ಮಂಚದ ಮೂಲೆ ಸೇರಿದ. ನಾನು ತೊದಲುತ್ತ ಪರದೆ ತೋರಿಸಿದೆ. ಪಾಲಾಗುವುದು ಡಿಸ್ಕು, ಒಂದರಲ್ಲಿ ಹಳಬ, ಇನ್ನೊಂದರಲ್ಲಿ ಹೊಸಬ. ಆನ್ ಮಾಡಿದಾಗ ಯಾರು ಬೇಕೆಂದು ಅದೇ ಕೇಳುತ್ತದೆ ಎಂದೆ. ಅಕ್ಕನಿಗೆ ನಗು ಬಂತು. ಆದರೆ ಹೋಗಲಿಲ್ಲ, ಹೊಸ್ತಿಲಲ್ಲೇ ಕೂತರು.

"ಇಬ್ರೂ ಒಂದೇ ಒತ್ನಲ್ಲಿ ಎದ್ದಿರ್ತಾರಾ?"

"ಇಲ್ಲಕ್ಕ. ಒಬ್ಬ ಎದ್ರೆ ಇನ್ನೊಬ್ಬ ಮಲಗಿರ್ಬೇಕು."

"ಮಾತಿಲ್ಲ ಕತೆಯಿಲ್ಲ, ಅದೆಂತಾ ಸಂಸಾರ ಕಣಪ್ಪ!" ಎಂದರು. ಆಮೇಲೆ ದನಿ ತಗ್ಗಿಸಿ, "ಮುಂದೆ ಬ್ಯಾಡ ಅನ್ಸುದ್ರೆ ಒಂದ್ ಮಾಡ್ಬೋದಾ?" ಎಂದು ಕೇಳಿದರು.

ಮಾಡಬಹುದು, ಆದರೆ ಒಂದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದೆ. ಅಕ್ಕ ಕೋಲು ಎತ್ತಿಕೊಂಡು ಇಳಿದುಹೋದರು. ಕೈಕೊಟ್ಟರೆ ಎಬ್ಬಿಸಲೆಂದು ಒಂದು ಫ್ಲಾಪಿಯನ್ನೂ ಮಾಡಿಟ್ಟೆ, ಸಂಜೆಯೊಳಗೆ ಲಿನಕ್ಸ್ ಕೂತಿತು. ನನಗೆ ಮಾತ್ರ ಕೂರಲಾಗಲಿಲ್ಲ. ಗೊತ್ತುಗುರಿಯಿಲ್ಲದೆ ತುಮಕೂರು ರಸ್ತೆಯಲ್ಲಿ ಅಲೆದು ಬಂದೆ.

ಆಷಾಢ ಕಳೆಯುತ್ತಲೇ ಗೋಡೆ ಎದ್ದಿತು. ಜಮೀನಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋದರು; ಹೆಂಗಸರು ಮಾತಾಡಕೂಡದು ಎಂದಾಯಿತು. ಅಕ್ಕ ಹಿತ್ತಿಲಿಗೆ ಬಂದರೆ ವಾರಗಿತ್ತಿ ಒಳಗೆ ಹೋಗುತ್ತಿದ್ದಳು, ಅವಳು ಬಂದರೆ ಇವರು… ಮೇಲಿನಿಂದ ನೋಡಿ ನೋಡಿ ನನಗೇ ಸಾಕಾಯಿತು. ರೂಮು ಬಿಟ್ಟೆ.

ಫ್ಲಾಪಿ ಸಿಕ್ಕ ಮೇಲೆ ಮನಸ್ಸು ತಡೆಯದೆ, ನಿನ್ನೆ ಮೆಟ್ರೋ ಹತ್ತಿ ನಾಗಸಂದ್ರಕ್ಕೆ ಹೋದೆ. ಅಕ್ಕನ ಕಡೆ ಬೀಗ ಬಿದ್ದಿತ್ತು; ಗೋಡೆಯಾಚೆಯ ಬಾಗಿಲು ತೆರೆದವರು ವಾರಗಿತ್ತಿ, ತಲೆಯೆಲ್ಲ ಬೆಳ್ಳಗಾಗಿತ್ತು. ಅಕ್ಕ ತೀರಿಕೊಂಡು ವರ್ಷಗಳೇ ಆಗಿದ್ದವು. ಅವರು ಕಾಫಿ ಲೋಟ ಮುಂದಿಟ್ಟು ಹೊಸ್ತಿಲಲ್ಲೇ ಕೂತರು.

"ಆಸ್ಪತ್ರೆಗೆ ಓಗೋ ದಿನ ಅಕ್ಕ ಬಂದು ಈ ಬಾಗ್ಲು ತಟ್ಟುದ್ರು ಕಣಪ್ಪ," ಎಂದರು. "ನಾನು ಒಳ್ಗೇ ಇದ್ದೆ. ತೆಗೀಲಿಲ್ಲ."